ಮುದ್ದೆ ಕೋಲಿನ ಎದುರು ನಿಮ್ಮ ಐಡಿಯಾ: ಅಚ್ಚು ಮಾಡಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಾವಿಬ್ಬರು ಗೆಳೆಯರು, ಚನ್ನರಾಯಪಟ್ಟಣದ ಕಡೆಯವರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇವೆ. ರಾಗಿಮುದ್ದೆ ಮಾಡುವುದನ್ನು ಸುಲಭ ಮಾಡುವಂಥದ್ದು ಏನಾದರೂ ತಯಾರಿಸಬೇಕು ಅಂತ ಆಸೆ. ಮೂರು ಐಡಿಯಾ ಇವೆ. ಒಂದು, ಹಿಟ್ಟು ನೀರು ಹಾಕಿ ಸ್ವಿಚ್ ಒತ್ತಿದರೆ ತಾನೇ ಬೇಯಿಸಿ ತೊಳಸುವ ಕರೆಂಟ್ ಪಾತ್ರೆ. ಎರಡು, ಮನೆಯಲ್ಲಿರುವ ಪಾತ್ರೆಗೇ ಕೂರಿಸಿ ಕೈಯಲ್ಲಿ ತಿರುಗಿಸುವ ಹಿಡಿಕೆಯ ಮುಚ್ಚಳ. ಮೂರು, ಮೊದಲೇ ಬೇಯಿಸಿ ಒಣಗಿಸಿದ ಹಿಟ್ಟು, ಕುದಿನೀರಿಗೆ ಹಾಕಿ ಕಲಸಿದರೆ ಸಾಕು. ಗೂಗಲ್ ಫಾರ್ಮ್ ಕಳಿಸಿದ್ದೆವು. 64 ಜನ ತುಂಬಿದರು. ಅವರಲ್ಲಿ 51 ಜನ ಕರೆಂಟ್ ಪಾತ್ರೆಯನ್ನು ‘ಖಂಡಿತ ಕೊಳ್ಳುತ್ತೇವೆ’ ಅಂದಿದ್ದಾರೆ. ಮೋಲ್ಡ್‌ಗೆ, ಅಂದರೆ ಅದರ ಭಾಗಗಳನ್ನು ತಯಾರಿಸುವ ಅಚ್ಚಿಗೆ, ಆರು ಲಕ್ಷ ಕೇಳುತ್ತಿದ್ದಾರೆ. ನಮ್ಮ ಹತ್ತಿರ ಇರುವುದು ಒಂಬತ್ತು ಲಕ್ಷ. ಮುಂದುವರಿಯಬಹುದಾ?

ಉತ್ತರ: ಈಗಲೇ ಬೇಡ. ಐಡಿಯಾ ಕೆಟ್ಟದ್ದು ಅಂತ ಅಲ್ಲ, ಮೂರೂ ಯೋಚನೆ ಮಾಡಬೇಕಾದವೇ. ಆದರೆ ಆರು ಲಕ್ಷ ಕೊಡುವಷ್ಟು ವಿಷಯ ನಿಮಗಿನ್ನೂ ಗೊತ್ತಿಲ್ಲ. ಅದನ್ನು ಗೊತ್ತು ಮಾಡಿಕೊಳ್ಳೋಕೆ ಇಪ್ಪತ್ತು ಸಾವಿರ ರೂಪಾಯಿ, ಎಂಟು ಹತ್ತು ಭಾನುವಾರ ಸಾಕು. ಉಕ್ಕಿನಲ್ಲಿ ಅಚ್ಚು ಕೊರೆದ ಮೇಲೆ ಪಾತ್ರೆಯ ಬಾಯಿ ಅರ್ಧ ಇಂಚು ಅಗಲ ಆಗಬೇಕಿತ್ತು ಅಂತ ಗೊತ್ತಾದರೆ ಎಷ್ಟು ದುಡ್ಡು ಹೋಗುತ್ತೆ ಅನ್ನೋದು ಪೀಣ್ಯದವರಿಗೆ ನಾನು ಹೇಳಬೇಕಾಗಿಲ್ಲ. ಕಾಗದದ ಮೇಲೆ ಅದೇ ಬದಲಾವಣೆಗೆ ಒಂದು ರಬ್ಬರ್ ಸಾಕು.

ಮೊದಲು ಆ 51ರ ಮಾತು. ಆ ಜನ ಸುಳ್ಳು ಹೇಳಿಲ್ಲ. ಆದರೆ ನೀವು ಕೇಳಿದ್ದು ಪುಕ್ಕಟೆ ಪ್ರಶ್ನೆ, ಬಂದಿದ್ದು ಪುಕ್ಕಟೆ ಉತ್ತರ. ಫಾರ್ಮ್‌ನಲ್ಲಿ ಬೆಲೆ ಇರಲಿಲ್ಲ ಅಂತ ಊಹಿಸುತ್ತೇನೆ. ಎಷ್ಟು ದೊಡ್ಡದು, ಎಲ್ಲಿಡಬೇಕು, ಯಾರು ತೊಳೀಬೇಕು, ಅದೂ ಇರಲಿಲ್ಲ. ತುಂಬಿದವರಲ್ಲಿ ಅರ್ಧ ಜನ ನಿಮ್ಮ ಸ್ನೇಹಿತರು, ನೆಂಟರು. ನಮ್ಮ ಕಡೆ ಮನೆಗೆ ಬಂದವರ ಮುಂದೆ ‘ಇದು ಬೇಡ’ ಅನ್ನೋದು ಮರ್ಯಾದೆಯಲ್ಲ. ‘ಚೆನ್ನಾಗಿದೆ, ಮಾಡಿ’ ಅಂತಾರೆ. ಅದು ಹರಸೋ ಮಾತು, ಕೊಳ್ಳೋ ಮಾತಲ್ಲ.

ಇದನ್ನು ನಾನು ಕಲಿತದ್ದು ದುಬಾರಿಯಾಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಡುಗೆಮನೆ ಸಾಮಾನು ತಯಾರಿಸುವ ಒಂದು ಕಂಪನಿಯಲ್ಲಿದ್ದೆ. ಮಿಕ್ಸಿಗೆ ಸಿಕ್ಕಿಸುವ ಕಾಯಿ ತುರಿಯುವ ಸಾಧನ ಮಾಡಿದೆವು. ಚಿತ್ರ ತೋರಿಸಿ ಕೇಳಿದಾಗ ಬೇಡ ಅಂದವರೇ ಇಲ್ಲ. ಅಚ್ಚು ಆಯ್ತು, ಮಾಲು ಬಂತು, ಅಂಗಡಿಗೆ ಹೋಯ್ತು. ಮೂರು ತಿಂಗಳಾದರೂ ಎರಡನೇ ಆರ್ಡರ್ ಬರಲಿಲ್ಲ. ಯಾಕೆ ಅಂತ ತಿಳಿಯೋಕೆ ಕೊಂಡವರ ಮನೆಗಳಿಗೆ ಹೋದೆ. ಬಸವನಗುಡಿಯ ಒಂದು ಮನೆಯಲ್ಲಿ ಆ ತಾಯಿ ನನ್ನ ಮುಂದೆಯೇ ಒಂದು ಹೋಳು ಕಾಯಿ ತುರಿದು ತೋರಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ತೊಳೆಯೋಕೆ ನಿಂತರು. ನಾಲ್ಕು ಬಿಡಿಭಾಗ. ಹಲ್ಲಿನ ಸಂದಿಯಲ್ಲಿ ಕಾಯಿಯ ಚೂರು ಸಿಕ್ಕಿಕೊಂಡಿತ್ತು. ಸೆರಗಿನ ಪಿನ್ನು ತೆಗೆದು ಒಂದೊಂದೇ ಕೆದಕಿದರು. ನಾನು ಗಡಿಯಾರ ನೋಡ್ತಾ ಇದ್ದೆ, ಆರು ನಿಮಿಷ. ಅಲ್ಲೇ ಗೋಡೆಗೆ ಒರಗಿಸಿದ್ದ ತುರಿಮಣೆಯಲ್ಲಿ ಅಷ್ಟರಲ್ಲಿ ಎರಡು ಕಾಯಿ ಮುಗಿಯುತ್ತಿತ್ತು. ‘ತುಂಬಾ ಚೆನ್ನಾಗಿದೆ ಸರ್, ಹಬ್ಬಕ್ಕೆ ಬಳಸ್ತೀನಿ’ ಅಂದರು. ಅವರು ನನ್ನ ಮನಸ್ಸು ನೋಯಿಸಬಾರದು ಅಂತ ಹಾಗೆ ಹೇಳಿದರು. ಆ ಮಾತನ್ನು ನೆನಪಿಟ್ಟುಕೊಳ್ಳಿ. ಯಾರಾದರೂ ‘ಹಬ್ಬಕ್ಕೆ ಬಳಸ್ತೀನಿ’, ‘ನೆಂಟರು ಬಂದಾಗ ಬೇಕಾಗುತ್ತೆ’ ಅಂದರೆ ಅದು ಬೇಡ ಅಂತಲೇ ಅರ್ಥ.

ನಾವು ತುರಿಯುವ ವೇಗವನ್ನು ಅಳೆದಿದ್ದೆವು. ತೊಳೆಯುವ ಹೊತ್ತನ್ನು ಅಳೆದಿರಲಿಲ್ಲ. ತಪ್ಪು ಅಷ್ಟೇ, ಆದರೆ ಒಬ್ಬರೇ ಒಬ್ಬರು ಒಂದೇ ಒಂದು ಮನೆಯಲ್ಲಿ ಮೊದಲೇ ನಿಂತು ನೋಡಿದ್ದರೆ ಅದು ಗೊತ್ತಾಗುತ್ತಿತ್ತು.

ಈಗ ನಿಮ್ಮ ವಿಷಯ. ನಿಮ್ಮ ಎದುರಾಳಿ ಯಾರು ಅಂತ ಬರೆದಿಟ್ಟುಕೊಂಡಿದ್ದೀರಾ? ಹೋಟೆಲ್, ಹಾಸ್ಟೆಲ್‌ಗಳಲ್ಲಿರುವ ದೊಡ್ಡ ಮುದ್ದೆ ಯಂತ್ರ ಅಂತ ಬರೆದಿದ್ದರೆ ಹೊಡೆದುಹಾಕಿ. ನಿಮ್ಮ ಎದುರಾಳಿ ಮುದ್ದೆ ಕೋಲು. ಅದಕ್ಕೆ ಕರೆಂಟ್ ಬೇಡ. ಕೆಡೋದಿಲ್ಲ. ನೀರಲ್ಲಿ ಒಮ್ಮೆ ಅದ್ದಿ ಉಜ್ಜಿದರೆ ಕ್ಲೀನ್. ಗೋಡೆ ಮೂಲೆಯಲ್ಲಿ ನಿಲ್ಲುತ್ತೆ. ಬೆಲೆ ಅಂತ ಹೇಳೋಕೂ ಏನಿಲ್ಲ. ಇಷ್ಟು ಬಲವಾದ ಎದುರಾಳಿಯನ್ನು ಬಿಟ್ಟು ಜನ ನಿಮ್ಮ ಹತ್ತಿರ ಯಾಕೆ ಬರಬೇಕು?

ಸ್ಟೂವರ್ಟ್ ಪ್ಯೂ ಅಂತ ಒಬ್ಬ ಬ್ರಿಟಿಷ್ ವಿನ್ಯಾಸ ಎಂಜಿನಿಯರ್ ಇದ್ದರು, ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಹಲವು ಕಾನ್ಸೆಪ್ಟ್‌ಗಳಲ್ಲಿ ಒಂದನ್ನು ಆರಿಸೋಕೆ ಅವರು ಕೊಟ್ಟ ಪಟ್ಟಿ ಇವತ್ತಿಗೂ ಕಾರ್ಖಾನೆಗಳಲ್ಲಿ ಓಡ್ತಾ ಇದೆ. ವಿಧಾನ ಸರಳ. ಈಗ ಬಳಕೆಯಲ್ಲಿರುವ ಒಂದನ್ನು ಅಳತೆಗೋಲು ಮಾಡಿಕೊಳ್ಳಿ. ನಿಮಗೆ ಅದು ಅಕ್ಷರಶಃ ಕೋಲು! ಒಂದು ಕಡೆ ಕೆಲಸಗಳನ್ನು ಬರೆಯಿರಿ: ಗಂಟಿಲ್ಲದೆ ಬೇಯೋದು, ಕೈಗೆ ಶ್ರಮ, ಬಿಸಿ ತಾಗೋದು, ತೊಳೆಯೋದು, ಇಡೋಕೆ ಜಾಗ, ಕರೆಂಟ್ ಹೋದಾಗ ಏನು, ನಾಲ್ಕು ಮುದ್ದೆಗೂ ಹತ್ತು ಮುದ್ದೆಗೂ ಆಗುತ್ತಾ, ಬೆಲೆ. ಇನ್ನೊಂದು ಕಡೆ ನಿಮ್ಮ ಮೂರು ಐಡಿಯಾ. ಕೋಲಿಗಿಂತ ಮೇಲಾದರೆ ಕೂಡು ಗುರುತು, ಕಡಿಮೆಯಾದರೆ ಕಳೆ ಗುರುತು, ಸಮವಾದರೆ ಸಮ. ನೂರಕ್ಕೆ ಇಷ್ಟು ಅಂತ ಅಂಕ ಕೊಡೋಕೆ ಹೋಗಬೇಡಿ. ಈ ಹಂತದಲ್ಲಿ ಅಂಕಗಳು ನಮಗೆ ಬೇಕಾದ ಉತ್ತರವನ್ನೇ ಹೇಳಿಬಿಡುತ್ತವೆ. ಕೂಡು ಕಳೆ ಲೆಕ್ಕ ಹಾಕಿ ಗೆದ್ದದ್ದು ಯಾವುದು ಅನ್ನೋದಕ್ಕಿಂತ, ಕಳೆ ಗುರುತು ಬಿದ್ದ ಜಾಗವನ್ನು ಸರಿ ಮಾಡೋಕಾಗುತ್ತಾ, ಒಂದರ ಒಳ್ಳೇದನ್ನು ಇನ್ನೊಂದಕ್ಕೆ ಸೇರಿಸೋಕಾಗುತ್ತಾ ಅಂತ ನೋಡೋದು ಮುಖ್ಯ.

ಆದರೆ ಈ ಪಟ್ಟಿಯನ್ನು ರೂಮಿನಲ್ಲಿ ಕೂತು ತುಂಬಬೇಡಿ. ಮೊದಲು ಹೋಗಿ ನೋಡಿ.

ಹತ್ತು ಮನೆ ಸಾಕು. ನಾಲ್ಕು ಮನೆ ನಿಮ್ಮೂರ ಕಡೆ, ನಾಲ್ಕು ಬೆಂಗಳೂರಿನ ಅಪಾರ್ಟ್‌ಮೆಂಟು, ಇನ್ನೆರಡು ಹುಡುಗರು ಸೇರಿಕೊಂಡು ಬಾಡಿಗೆಗಿರುವ ಮನೆ. ಸಂಜೆ ಏಳೂವರೆಗೆ ಹೋಗಿ, ಮುದ್ದೆ ಕಟ್ಟಿ ತಟ್ಟೆಗೆ ಬೀಳೋವರೆಗೂ ಅಲ್ಲೇ ಇರಿ. ನಿಮ್ಮ ಐಡಿಯಾ ಬಗ್ಗೆ ಒಂದು ಮಾತೂ ಆಡಬೇಡಿ. ಸುಮ್ನೆ ನೋಡಿ, ಬರೆದುಕೊಳ್ಳಿ. ನೀರು ಕುದಿಯೋಕೆ ಎಷ್ಟು ಹೊತ್ತು, ಹಿಟ್ಟು ಸುರಿದ ಮೇಲೆ ಬೇಯೋಕೆ ಎಷ್ಟು ಹೊತ್ತು, ತೊಳಸೋದು ನಿಜವಾಗಿ ಎಷ್ಟು ಹೊತ್ತು? ಪಾತ್ರೆ ಅಲ್ಲಾಡದಂತೆ ಹೇಗೆ ಹಿಡೀತಾರೆ? ಹಳ್ಳಿಯಲ್ಲಿ ಕೆಳಗಿಟ್ಟು ಕವೆಗೋಲಿನಿಂದ ಒತ್ತಿ ಹಿಡಿದು, ಎರಡು ಕೈಯಲ್ಲಿ ತೊಳಸ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಕಟ್ಟೆ ಸೊಂಟದೆತ್ತರ, ಕೆಳಗೆ ಕೂರೋ ಅಭ್ಯಾಸ ಇಲ್ಲ, ಇಕ್ಕಳದಲ್ಲಿ ಒಂದು ಕೈಯಿಂದ ಹಿಡಿದು ಇನ್ನೊಂದು ಕೈಯಲ್ಲಿ ತೊಳಸಬೇಕು. ಪಾತ್ರೆ ಗಿರ್ರಂತ ತಿರುಗುತ್ತೆ. ಅವರ ಕಷ್ಟ ತೊಳಸೋದೋ, ಪಾತ್ರೆ ನಿಲ್ಲಿಸೋದೋ? ಪಾತ್ರೆ ನಿಲ್ಲಿಸೋದೇ ಕಷ್ಟ ಅಂತಾದರೆ ನಾಲ್ಕನೇ ಐಡಿಯಾ ಹುಟ್ಟುತ್ತೆ, ಅದಕ್ಕೆ ಮೋಟಾರೇ ಬೇಡ.

ಇನ್ನೂ ಒಂದು ಗಮನಿಸಿ. ಮೂವತ್ತು ವರ್ಷದಿಂದ ಮುದ್ದೆ ಕಟ್ಟುತ್ತಿರುವ ತಾಯಿಗೆ ಇದು ಕಷ್ಟವೇ ಅಲ್ಲ. ಅವರ ಭುಜಕ್ಕೆ ನೋವು ಬಂದಿದ್ದರೆ ಮಾತ್ರ ಕಷ್ಟ. ಮದುವೆಯಾಗಿ ಬಂದ ಉತ್ತರ ಕರ್ನಾಟಕದ ಹುಡುಗಿ, ರೊಟ್ಟಿ ಬಡಿಯೋದು ಗೊತ್ತು, ಮುದ್ದೆ ಗೊತ್ತಿಲ್ಲ. ಅವಳಿಗೆ ಬೇಕಾದ್ದು ಗಂಟಾಗದ ಭರವಸೆ. ರೂಮಿನ ಹುಡುಗರಿಗೆ ಶ್ರಮವೂ ಸಮಸ್ಯೆಯಲ್ಲ, ಗಂಟೂ ಅಲ್ಲ, ತಳ ಹಿಡಿದ ಪಾತ್ರೆ ತೊಳೆಯೋದೇ ಸಮಸ್ಯೆ. ಮೂರು ಜನ, ಮೂರು ಬೇರೆ ಬೇರೆ ವಸ್ತು. ‘ಮುದ್ದೆ ತಿನ್ನುವವರೆಲ್ಲ ನಮ್ಮ ಗಿರಾಕಿಗಳು’ ಅಂತ ಹೊರಟರೆ ಯಾರಿಗೂ ಸರಿಹೋಗದ ಒಂದನ್ನು ಮಾಡ್ತೀರಿ.

ಕರೆಂಟ್ ಪಾತ್ರೆಗೆ ಎರಡು ದೊಡ್ಡ ಅನುಮಾನ ಇವೆ, ಎರಡನ್ನೂ ಅಚ್ಚಿಲ್ಲದೆ ಪರೀಕ್ಷಿಸಬಹುದು.

ಮೊದಲನೇದು ಟಾರ್ಕ್, ಅಂದರೆ ತಿರುಗಿಸುವ ಬಲ. ಮಿಕ್ಸಿ ಮೋಟಾರು ಜೋರಾಗಿ ತಿರುಗುತ್ತೆ, ಆದರೆ ಗಟ್ಟಿ ಹಿಟ್ಟಿನ ಮುಂದೆ ಸುಟ್ಟುಹೋಗುತ್ತೆ. ಮುದ್ದೆಗೆ ನಿಧಾನ, ಆದರೆ ಬಿಡದ ಬಲ ಬೇಕು. ಜೆ.ಸಿ. ರಸ್ತೆಯಲ್ಲಿ ಹಳೇ ಕಾರಿನ ವೈಪರ್ ಮೋಟಾರ್ ತನ್ನಿ. ಅದು 12 ವೋಲ್ಟಿನದು, ಒಳಗೇ ಗೇರು ಇರುತ್ತೆ, ನಿಧಾನವಾಗಿ ಬಲವಾಗಿ ತಿರುಗುತ್ತೆ. ಒಂದು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಕೋಲಿನ ಬದಲು ಸ್ಟೀಲ್ ಪಟ್ಟಿ ಸಿಕ್ಕಿಸಿ, ನಿಜವಾದ ಹಿಟ್ಟಿಗೆ ಹಚ್ಚಿ. ಎರಡು ಮುದ್ದೆಯ ಹಿಟ್ಟು, ನಾಲ್ಕು, ಆಮೇಲೆ ಆರು. ಎಲ್ಲಿ ನಿಲ್ಲುತ್ತೆ ನೋಡಿ, ಎಷ್ಟು ಆಂಪಿಯರ್ ಎಳೀತು ಬರೆದುಕೊಳ್ಳಿ. ಸ್ಟ್ಯಾಂಡು ನೋಡೋಕೆ ಚೆನ್ನಾಗಿರಬೇಕಾಗಿಲ್ಲ. ಕೈಯಿಂದ ತಿರುಗಿಸುವ ಮುಚ್ಚಳಕ್ಕೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತೆ. ಆರು ಮುದ್ದೆಯ ಹಿಟ್ಟಿಗೆ ಬೇಕಾದ ಬಲ ಒಂದು ಮಣಿಕಟ್ಟಿಗೆ ಸಾಧ್ಯವಾ ಅಂತ ಅಲ್ಲೇ ತಿಳಿಯುತ್ತೆ. ನನಗೇನೋ ಅನುಮಾನ ಇದೆ, ಆದರೆ ನನ್ನ ಅನುಮಾನಕ್ಕಿಂತ ನಿಮ್ಮ ಮೀಟರ್ ಮಾತು ಮೇಲು.

ಎರಡನೇದು ಜಾಗ. ಇದನ್ನು ಜನ ಹಗುರವಾಗಿ ತಗೋತಾರೆ. ಅಮೆರಿಕದ ಜೆಫ್ ಹಾಕಿನ್ಸ್ ಪಾಮ್ ಪೈಲಟ್ ಅನ್ನುವ ಅಂಗೈ ಕಂಪ್ಯೂಟರ್ ಮಾಡುವ ಮೊದಲು, ಅಂಗಿ ಜೇಬಿಗೆ ಹಿಡಿಯೋ ಅಳತೆಯ ಒಂದು ಮರದ ತುಂಡು ಕತ್ತರಿಸಿಕೊಂಡರು. ಅದನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮೀಟಿಂಗಿನಲ್ಲಿ ಯಾರಾದರೂ ನಾಳೆ ಸಿಗೋಣ ಅಂದರೆ ಆ ಮರದ ತುಂಡು ತೆಗೆದು, ಕಡ್ಡಿಯಿಂದ ಬರೆದಂತೆ ಮಾಡುತ್ತಿದ್ದರು. ದಿನಕ್ಕೆ ಎಷ್ಟು ಸಲ ಜೇಬಿಗೆ ಕೈ ಹೋಗುತ್ತೆ, ಯಾವುದಕ್ಕೆ ಹೋಗುತ್ತೆ ಅಂತ ಅವರಿಗೆ ಗೊತ್ತಾಗಿದ್ದು ಹಾಗೆ. 1996ರಲ್ಲಿ ಬಂದ ಆ ಯಂತ್ರ ಚೆನ್ನಾಗಿ ಓಡಿತು.

ನೀವೂ ಒಂದು ರಟ್ಟಿನ ಡಬ್ಬಿ ಮಾಡಿ, ನಿಮ್ಮ ಪಾತ್ರೆಯ ಅಳತೆಯದೇ. ಒಳಗೆ ಅಷ್ಟೇ ತೂಕದ ಇಟ್ಟಿಗೆ ಚೂರು ಹಾಕಿ, ಒಂದು ವೈರು ಇಳಿಬಿಡಿ. ಐದು ಮನೆಯ ಅಡುಗೆಮನೆ ಕಟ್ಟೆ ಮೇಲಿಟ್ಟು ಬನ್ನಿ. ‘ಒಂದು ವಾರ ಇಲ್ಲಿರಲಿ, ಮುದ್ದೆ ಮಾಡುವ ದಿನ ಇದನ್ನು ಒಲೆ ಹತ್ತಿರ ಎಳೆದು, ಆಮೇಲೆ ವಾಪಸ್ ಇಡಿ’ ಅಂತ ಹೇಳಿ. ಬೆಂಗಳೂರಿನ ಅಡುಗೆಮನೆಯಲ್ಲಿ ಈಗಾಗಲೇ ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಒಲೆ, ನೀರಿನ ಫಿಲ್ಟರ್ ಇವೆ. ಪ್ಲಗ್ ಪಾಯಿಂಟ್ ಎರಡೋ ಮೂರೋ. ವಾರ ಬಿಟ್ಟು ಹೋದಾಗ ಡಬ್ಬಿ ಕಟ್ಟೆ ಮೇಲಿದ್ದರೆ ಸಂತೋಷ. ಸಜ್ಜೆ ಮೇಲೆ ಹತ್ತಿದ್ದರೆ, ನಿಜವಾದ ಯಂತ್ರವೂ ಅಲ್ಲಿಗೇ ಹತ್ತುತ್ತೆ.

ಮೂರನೇ ಐಡಿಯಾ, ಅಂದರೆ ಬೆಂದ ಹಿಟ್ಟು, ಪರೀಕ್ಷೆಗೆ ಅಗ್ಗ. ಆದರೆ ಇಲ್ಲಿ ಬೇರೆ ಬಲೆ ಇದೆ. ಒಂದು ತುತ್ತು ತಿನ್ನಿಸಿ ಹೇಗಿದೆ ಅಂತ ಕೇಳಬೇಡಿ. 1985ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಹಳೇ ರುಚಿ ಬದಲಿಸಿ ‘ನ್ಯೂ ಕೋಕ್’ ತಂದಾಗ, ಅದಕ್ಕೂ ಮೊದಲು ಸುಮಾರು ಎರಡು ಲಕ್ಷ ಜನರಿಗೆ ಕುಡಿಸಿ ನೋಡಿತ್ತು. ಹೊಸದೇ ರುಚಿ ಅಂದವರು ಜಾಸ್ತಿ. ಬಿಡುಗಡೆಯಾಗಿ 79 ದಿನಕ್ಕೆ ಹಳೇ ರುಚಿಯನ್ನು ವಾಪಸ್ ತರಬೇಕಾಯಿತು. ಒಂದು ಗುಟುಕು ಸಿಹಿಯಾಗಿದ್ದರೆ ಹಿತ. ಇಡೀ ಬಾಟಲಿ, ಅದೂ ದಿನಾ, ಬೇರೆ ಮಾತು. ಜೊತೆಗೆ ನಿಮ್ಮ ಹಳೇದನ್ನು ಕಿತ್ತುಕೊಳ್ಳುತ್ತೇವೆ ಅಂದರೆ ಏನನ್ನಿಸುತ್ತೆ ಅನ್ನುವ ಪ್ರಶ್ನೆಗೆ ರುಚಿ ನೋಡಿ ಉತ್ತರ ಕೊಡೋಕಾಗಲ್ಲ. ಮುದ್ದೆ ತಿನ್ನುವವರು ಕೋಕ್ ಕುಡಿಯುವವರಿಗಿಂತ ಕಟ್ಟುನಿಟ್ಟು. ಬಿಸಿ ಇರಬೇಕು, ನುಣ್ಣಗಿರಬೇಕು, ಸಾರಲ್ಲಿ ಅದ್ದಿದರೆ ಗಂಟಲಲ್ಲಿ ಜಾರಬೇಕು, ರಾತ್ರಿ ಹನ್ನೊಂದರವರೆಗೂ ಹೊಟ್ಟೆ ಗಟ್ಟಿಯಾಗಿರಬೇಕು. ಆದ್ದರಿಂದ ಒಂದು ಮನೆಗೆ ಒಂದು ವಾರಕ್ಕಾಗುವಷ್ಟು ಹಿಟ್ಟು ಕೊಡಿ. ವಾರದ ಕೊನೆಗೆ ಪೊಟ್ಟಣ ತೂಗಿ ನೋಡಿ. ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ರುಚಿಯ ಬಗ್ಗೆ ಏನೂ ಕೇಳಬೇಕಾಗಿಲ್ಲ. ತಿನ್ನುವ ಪದಾರ್ಥ ಮಾರೋಕೆ ಶುರು ಮಾಡಿದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಚಿಕ್ಕ ಪ್ರಮಾಣ ಅಂತ ಬಿಡಬೇಡಿ.

ಇನ್ನು ದುಡ್ಡಿನ ಲೆಕ್ಕ. ನಿಮ್ಮ ಪಾತ್ರೆಗೆ ಖರ್ಚು ಎಷ್ಟಾಗುತ್ತೆ ಅಂತ ಕೂಡಿಸಿ ಬೆಲೆ ಹೇಳಬೇಡಿ. ಬೆಲೆಯಿಂದ ಹಿಂದಕ್ಕೆ ಬನ್ನಿ. ಅಂಗಡಿಯಲ್ಲಿ 4,000 ರೂಪಾಯಿ ಅಂದುಕೊಳ್ಳಿ. ಅದರಲ್ಲಿ ಶೇ 18 ಜಿಎಸ್‌ಟಿ ಕಳೆದರೆ ಸುಮಾರು 3,390. ಅಂಗಡಿಯವರು, ವಿತರಕರು ಸೇರಿ ಒಂದು ಸಾವಿರ ತಗೊಂಡರು ಅಂತಿಟ್ಟುಕೊಳ್ಳಿ. ಉಳಿದದ್ದು 2,390. ಸಾಗಣೆ, ವಾರಂಟಿ ರಿಪೇರಿ, ಪ್ರಚಾರಕ್ಕೆ ಒಂದು ಐನೂರು. ಈಗ 1,890. ಇದರಲ್ಲಿ ನಿಮಗೂ ನಾಲ್ಕು ಕಾಸು ಉಳಿಯಬೇಕು, ಅಲ್ವಾ? ಅಂದರೆ ಗೇರ್ ಮೋಟಾರು, ಹೀಟರು, ಥರ್ಮೋಸ್ಟಾಟು, ಅಂಟದ ಪಾತ್ರೆ, ಮೈಕಟ್ಟು, ಡಬ್ಬಿ, ಜೋಡಣೆ ಎಲ್ಲಾ ಸೇರಿ 1,500ರ ಆಸುಪಾಸಿನಲ್ಲಿ ಮುಗಿಯಬೇಕು. ಜೊತೆಗೆ ಮನೆಬಳಕೆಯ ವಿದ್ಯುತ್ ಸಾಧನಗಳ ಸುರಕ್ಷತೆಗೆ ಐಎಸ್ 302 ಅನ್ನುವ ಮಾನದಂಡ ಇದೆ, ಅದರ ಪರೀಕ್ಷೆಯ ಖರ್ಚು ಬೇರೆ. ನಿಮಗೆ ಪೀಣ್ಯದ ರೇಟು ನನಗಿಂತ ಚೆನ್ನಾಗಿ ಗೊತ್ತು. ಒಂದು ಸಂಜೆ ಕೂತರೆ ಇದು ಆಗುವ ಮಾತಾ ಅಂತ ತಿಳಿದುಬಿಡುತ್ತೆ.

4,000 ಸರಿಯಾ ಅನ್ನೋಕೆ ‘ಎಷ್ಟು ಕೊಡ್ತೀರಿ’ ಅಂತ ಕೇಳಿದರೆ ಎಲ್ಲರೂ ಕಮ್ಮಿನೇ ಹೇಳ್ತಾರೆ. ಪೀಟರ್ ವಾನ್ ವೆಸ್ಟೆಂಡಾರ್ಪ್ ಅನ್ನುವ ಡಚ್ ಅರ್ಥಶಾಸ್ತ್ರಜ್ಞ 1976ರಲ್ಲಿ ಇದಕ್ಕೆ ನಾಲ್ಕು ಪ್ರಶ್ನೆ ಕೊಟ್ಟರು. ಎಷ್ಟಾದರೆ ಇದು ನಿಮ್ಮ ಕೈಗೆ ಎಟುಕದಷ್ಟು ದುಬಾರಿ? ಎಷ್ಟಕ್ಕಿಂತ ಕಮ್ಮಿಯಾದರೆ ಮಾಲಿನ ಮೇಲೇ ಅನುಮಾನ ಬರುತ್ತೆ? ಎಷ್ಟಾದರೆ ಜಾಸ್ತಿಯಾಯ್ತು ಅನ್ನಿಸಿದರೂ ಯೋಚನೆ ಮಾಡ್ತೀರಿ? ಎಷ್ಟಾದರೆ ಲಾಭದ ವ್ಯಾಪಾರ? ನಾಲ್ಕನ್ನೂ ಕೇಳಿದರೆ ಒಂದು ಅಂದಾಜು ಹರವು ಸಿಗುತ್ತೆ. ಅಂದಾಜು ಅಷ್ಟೇ.

ನಿಜವಾದ ಉತ್ತರ ಸಿಗೋದು ಕೈ ಜೇಬಿಗೆ ಹೋದಾಗ. ಕಬ್ಬಿಣದ ಸ್ಟ್ಯಾಂಡಿನ ಯಂತ್ರ ಒಂದು ಹದಕ್ಕೆ ಬಂದ ಮೇಲೆ, ಪರಿಚಯ ಇಲ್ಲದ ಇಪ್ಪತ್ತು ಮನೆಯವರ ಮುಂದೆ ಮುದ್ದೆ ಮಾಡಿ ತೋರಿಸಿ. ಬೆಲೆ ಹೇಳಿ. ‘ಆರು ತಿಂಗಳಲ್ಲಿ ಕೊಡುತ್ತೇವೆ, ಈಗ ಐನೂರು ಮುಂಗಡ ಕೊಡಿ, ಮಾಡೋಕಾಗದಿದ್ದರೆ ಪೂರ್ತಿ ವಾಪಸ್’ ಅನ್ನಿ. ರಸೀದಿ ಕೊಡಿ. ಆ ದುಡ್ಡನ್ನು ಮುಟ್ಟಬೇಡಿ, ಬೇರೆ ಖಾತೆಯಲ್ಲಿಡಿ, ಮಾಡದಿದ್ದರೆ ಹೇಳಿದ ದಿನ ಹಿಂತಿರುಗಿಸಿ. ಇದರಲ್ಲಿ ಒಂದು ಕೂದಲೆಳೆಯೂ ಮೋಸ ಇರಬಾರದು. ಐನೂರು ಕೊಟ್ಟ ಐದು ಜನ, ಫಾರ್ಮ್‌ನಲ್ಲಿ ‘ಖಂಡಿತ’ ಅಂದ 51 ಜನರಿಗಿಂತ ಹೆಚ್ಚು ಹೇಳ್ತಾರೆ.

ಬೆಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2005ರಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಇಡ್ಲಿ-ದೋಸೆ ಹಿಟ್ಟು ಮಾರಲು ಹೊರಟಾಗ ಮೊದಲೇ ದೊಡ್ಡ ಕಾರ್ಖಾನೆ ಹಾಕಲಿಲ್ಲ. ಐವತ್ತು ಚದರಡಿಯ ಅಡುಗೆಮನೆ, ಇಪ್ಪತ್ತು ಅಂಗಡಿ. ದಿನಕ್ಕೆ 100 ಪೊಟ್ಟಣ ಹೋದರೆ ಮಾತ್ರ ಮುಂದಿನ ಹೂಡಿಕೆ ಅಂತ ಮಾತಾಗಿತ್ತು. ಆ ನೂರು ಮುಟ್ಟೋಕೆ ಒಂಬತ್ತು ತಿಂಗಳು ಹಿಡಿಯಿತು ಅಂತ ಮುಸ್ತಫಾ ಅವರೇ ಹೇಳಿಕೊಂಡಿದ್ದಾರೆ. ಅವರ ಕಂಪನಿ ಐಡಿ ಫ್ರೆಶ್ ಇವತ್ತು ಎಷ್ಟು ದೊಡ್ಡದು ಅನ್ನೋದನ್ನು ಎಲ್ಲರೂ ಹೇಳ್ತಾರೆ. ನನಗೆ ಇಷ್ಟವಾಗೋದು ಆ ನೂರು ಅನ್ನುವ ಗೆರೆ. ಅದನ್ನು ಮೊದಲೇ ಎಳೆದಿದ್ದರು.

ನೀವೂ ಹಾಗೆ ಎಳೆಯಿರಿ, ಪರೀಕ್ಷೆಗೆ ಹೋಗುವ ಮೊದಲೇ, ಕಾಗದದ ಮೇಲೆ, ಇಬ್ಬರೂ ಸಹಿ ಹಾಕಿ. ‘ಇಪ್ಪತ್ತರಲ್ಲಿ ಐದು ಮನೆ ಮುಂಗಡ ಕೊಡದಿದ್ದರೆ ಕರೆಂಟ್ ಪಾತ್ರೆ ಕೈಬಿಡುತ್ತೇವೆ. ಐದು ಡಬ್ಬಿಗಳಲ್ಲಿ ಮೂರು ಸಜ್ಜೆ ಹತ್ತಿದರೆ ಅಳತೆ ಚಿಕ್ಕದು ಮಾಡದೆ ಮುಂದೆ ಹೋಗುವುದಿಲ್ಲ.’ ಯಾಕೆ ಮೊದಲೇ ಅಂದರೆ, ಫಲಿತಾಂಶ ಬಂದ ಮೇಲೆ ಮನಸ್ಸು ಚೌಕಾಸಿ ಮಾಡುತ್ತೆ. ‘ಇಬ್ಬರು ಕೊಟ್ಟರಲ್ಲ, ಇನ್ನಿಬ್ಬರು ಮುಂದಿನ ತಿಂಗಳು ಕೊಡ್ತೀವಿ ಅಂದರಲ್ಲ’ ಅಂತ ಶುರುವಾಗುತ್ತೆ. ತಾನೇ ಹುಟ್ಟಿಸಿದ ಐಡಿಯಾ ಮೇಲೆ ಪ್ರೀತಿ ಇರೋದು ಸಹಜ. ನನಗೂ ಇತ್ತು, ಈಗಲೂ ಇರುತ್ತೆ.

ಕೈಬಿಡಬೇಕಾಗಿ ಬಂದರೂ ನೀವು ನೋಡಿದ್ದೇನೂ ವ್ಯರ್ಥವಾಗಲ್ಲ. ರೆಡ್‌ಬಸ್ ಶುರು ಮಾಡಿದ ಫಣೀಂದ್ರ ಸಾಮ ಮತ್ತು ಗೆಳೆಯರು ಮೊದಲು ಹೊರಟಿದ್ದು ಬಸ್ ಮಾಲೀಕರಿಗೆ ಸಾಫ್ಟ್‌ವೇರ್ ಕೊಡೋಕೆ. ಮಾಲೀಕರು ಬೇಡ ಅಂದರು. ಆ ಓಡಾಟದಲ್ಲಿ ಸೀಟು ಹೇಗೆ ಮಾರಾಟವಾಗುತ್ತೆ ಅಂತ ತಿಳಿದಿತ್ತು. 2006ರಲ್ಲಿ ತಾವೇ ಟಿಕೆಟ್ ಮಾರೋಕೆ ಶುರು ಮಾಡಿದರು.

ನನ್ನ ಅನ್ನಿಸಿಕೆ ಕೇಳಿದರೆ, ಕರೆಂಟ್ ಪಾತ್ರೆ ಮೂರರಲ್ಲಿ ಅತಿ ಆಕರ್ಷಕ, ಅತಿ ಅಪಾಯದ್ದು. ಹಿಟ್ಟು ಬೇಗ ಉತ್ತರ ಕೊಡುತ್ತೆ, ಆದರೆ ಅದು ಮೆಕ್ಯಾನಿಕಲ್ ಓದಿದ ನಿಮ್ಮ ಬಲ ಅಲ್ಲ. ಯಂತ್ರಕ್ಕಿಂತ ರುಚಿ, ಕೆಡದಂತೆ ಇಡೋದು, ಅಂಗಡಿ ಸುತ್ತೋದು ಅಲ್ಲಿ ಮುಖ್ಯ. ಕೈಮುಚ್ಚಳ ಯಾರ ಕಣ್ಣಿಗೂ ಬೀಳದ ಬಡಪಾಯಿ, ಫಾರ್ಮ್‌ನಲ್ಲೂ ಅದಕ್ಕೆ ಓಟು ಬಿದ್ದಿಲ್ಲ. ಆದರೆ ಪಾತ್ರೆ ಅಲ್ಲಾಡದಂತೆ ಹಿಡಿಯುವ ಗುಣ ಅದಕ್ಕೆ ಸೇರಿದರೆ, ಅಪಾರ್ಟ್‌ಮೆಂಟಿನ ಕಟ್ಟೆ ಮೇಲೆ ಕೋಲಿಗೆ ಎದುರು ನಿಲ್ಲೋದು ಅದೇ ಇರಬಹುದು. ಅದರ ಮೊದಲ ಮಾದರಿಯನ್ನು ನೀವು ಕೆಲಸ ಮಾಡುವ ಕಡೆಯೇ, ಯಜಮಾನರನ್ನು ಕೇಳಿ, ಒಂದು ಭಾನುವಾರ ಲೇತ್‌ನಲ್ಲಿ ಮಾಡಿಕೊಳ್ಳಬಹುದು.

ಕೊನೆಗೊಂದು ವಿಷಯ, ಎಲ್ಲರೂ ಕೇಳುವುದರಿಂದ ಹೇಳುತ್ತೇನೆ. ಜನರಿಗೆ ತೋರಿಸಿದರೆ ಪೇಟೆಂಟ್ ಕೈತಪ್ಪುತ್ತಾ? ತಪ್ಪಬಹುದು. ಬಹಿರಂಗವಾದದ್ದು ಹೊಸದಲ್ಲ ಅಂತ ಕಾನೂನು ನೋಡುತ್ತೆ. ಅಡುಗೆ ಮಾಡುವುದನ್ನು ನೋಡೋಕೆ, ರಟ್ಟಿನ ಡಬ್ಬಿ ಇಡೋಕೆ ಏನೂ ತೊಂದರೆಯಿಲ್ಲ, ಯಂತ್ರದ ಒಳಗಿನ ಗುಟ್ಟು ಅಲ್ಲಿ ಕಾಣೋದಿಲ್ಲ. ಮುಂಗಡಕ್ಕಾಗಿ ಯಂತ್ರ ಓಡಿಸಿ ತೋರಿಸುವ ಮೊದಲು ಒಂದು ತಾತ್ಕಾಲಿಕ ಅರ್ಜಿ ಹಾಕಿಬಿಡಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಸಲ್ಲಿಸೋಕೆ ಅಲ್ಲಿಂದ 12 ತಿಂಗಳು ಸಿಗುತ್ತೆ. ಅಷ್ಟರೊಳಗೆ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಆ ಇಪ್ಪತ್ತು ಮನೆಗಳು ನಿಮಗೆ ಹೇಳಿರುತ್ತವೆ. ವೈಪರ್ ಮೋಟಾರ್ ಎಷ್ಟು ಮುದ್ದೆಗೆ ನಿಂತಿತು ಅಂತ ಬರೆದು ತಿಳಿಸಿ, ಗೇರ್ ಲೆಕ್ಕ ಕೂತು ನೋಡೋಣ.